ಹೊರಸುತ್ತಿನ ಹಲಗೆ

ಮರ ಕೇಳಿಸಿಕೊಂಡದ್ದೆಲ್ಲ ತಂತಿ ಮೀಟಿದಾಗ ಹೊರಬರುತ್ತದೆ. ಆದ್ದರಿಂದ ಗಿಟಾರ್ ಮಾಡುವವರು ಕೊನೆಗೆ ಕೇಳಿದ ಗರಗಸದ ಸದ್ದು ಕೂತಿರುವ ಮರದ ಹೊರಸುತ್ತನ್ನು ಹೆರೆದು ಎಸೆಯುತ್ತಾರೆ. ರಸ್ತೆ ಗುತ್ತಿಗೆದಾರ ವಜ್ರಪ್ಪ, ತಾನೇ ಕಡಿಸಿದ ಹಲಸಿನ ದಿಮ್ಮಿ ತಂದಿದ್ದ. ರಸ್ತೆಯ ಉದ್ಘಾಟನೆಯಲ್ಲಿ ನುಡಿಸಲು ಅದರದೇ ಮರದ, ದನಿ ಹಿಗ್ಗಿಸುವ ರೆಸೊನೇಟರ್ ಗಿಟಾರ್ ಬೇಕಿತ್ತು.

ಗಿಟಾರ್ ಮಾಡುವ ಸಬೀಹಾ ದಿಮ್ಮಿಗೆ, ಮರದ ಕಂಪನ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಅಂಟಿಸಿ ಬೆರಳಿಂದ ತಟ್ಟಿದಳು. ಸ್ಪೀಕರಿನಲ್ಲಿ ಹೆಂಗಸರ ಅಳು ಕೇಳಿಸಿತು. "ನಮ್ ಮರ ಬಿಡ್ರಪ್ಪಾ..."

ವಜ್ರಪ್ಪ ಥಟ್ಟನೆ ಸ್ಪೀಕರ್ ಆರಿಸಿದ. "ಅದನ್ನ ಹೆರೆದಾಕಮ್ಮ. ಒಳಗಡೆ ಹಕ್ಕಿ ದನಿ ಐತಲ್ಲ, ಅದು ಸಾಕು."

"ಆ ಹಕ್ಕಿ ಈಗೆಲ್ಲಿ ಕೂರುತ್ತೆ ಸ್ವಾಮಿ?"

"ನಿನ್ ಕೆಲಸ ನೀನ್ ನೋಡು."

ಅವಳು ನೋಡಿದಳು. ಹೊರಸುತ್ತನ್ನು ಹೆರೆಯದೆ ಗಿಟಾರ್ ಮಾಡಿ, ಪಿಕಪ್ಪನ್ನು ಅದರ ಮೇಲೆಯೇ ಕೂರಿಸಿದಳು.

ಉದ್ಘಾಟನೆಯಲ್ಲಿ ಮೊದಲ ತಂತಿ ಮೀಟುತ್ತಲೇ ಗಿಟಾರಿನೊಳಗಿಂದ ಆ ಹೆಂಗಸರು ಅತ್ತರು. ಅದರ ಹಿಂದೆಯೇ, ಊರೆಲ್ಲ ಗುರುತಿಸುವ ವಜ್ರಪ್ಪನ ದನಿ ಮೈದಾನ ತುಂಬಿತು: "ಎಳೆದಾಕ್ರೋ ಇವರ್ನ. ಮರಕ್ಕೆ ಗರಗಸ ಇಡಿ."