ಒನಕೆಯ ಪೆಟ್ಟು

"ಇದು ನಾ ಹಾಡಿದ್ದಲ್ಲ," ಎಂದಳು ಗಂಗಿ, ರೆಕಾರ್ಡ್ ಮಾಡಿದ್ದ ತನ್ನ ಹಾಡನ್ನು ಕೇಳುತ್ತ. ನಾಳೆ ಅವಳ ಗಂಟಲಿನ ಆಪರೇಷನ್, ಹಾಡಬಾರದೆಂದು ಡಾಕ್ಟರ ಕಟ್ಟಪ್ಪಣೆ; ಭತ್ತ ಕುಟ್ಟುವ ಈ ಹಾಡನ್ನು ಮತ್ತೆ ಹಾಡಿಸುವಂತಿರಲಿಲ್ಲ.

"ನಿಂದೇ ದನಿ, ಗಂಗಕ್ಕ," ಎಂದ ಕುಮಟಾದ ಸ್ಟುಡಿಯೋದ ದಿನಕರ. ಕರೆಂಟಿನ ಗುಂಯ್‌ ಸದ್ದಿಗೆ ಐವತ್ತು ಹರ್ಟ್ಸಿನ ಫಿಲ್ಟರ್ ಹಾಕಿದರೂ ಅದು ಹೋಗದೆ ಅವನು ಬೆಳಗಿನಿಂದ ಒದ್ದಾಡುತ್ತಿದ್ದ.

"ನನ್ನ ಒನಕೆ ಇಷ್ಟು ಬೇಗ ಬೀಳೂದಿಲ್ಲ ತಮಾ. ನಾಯಿ ಅಟ್ಟಿಸ್ಕಂಡು ಬಂದಾಂಗೆ ಎಂತಕ್ಕೆ ಓಡ್ತದೆ?" ಎಂದು ಮೇಜಿನ ಮೇಲೆ ಮುಷ್ಟಿ ಕುಟ್ಟಿ ತೋರಿಸಿದಳು. ಹಾಡು ಆ ಪೆಟ್ಟುಗಳನ್ನು ದಾಟಿ ಮುಂದೋಡಿತು.

ದಿನಕರನಿಗೆ ಹೊಳೆಯಿತು. ಸೆಕೆಂಡಿಗೆ ನಲವತ್ನಾಲ್ಕು ಸಾವಿರದ ನೂರು ಸ್ಯಾಂಪಲ್‌ಗಳಲ್ಲಿ ಹಿಡಿದದ್ದನ್ನು ಕಂಪ್ಯೂಟರ್ ನಲವತ್ತೆಂಟು ಸಾವಿರವೆಂದು ಓದಿ, ಬೇಗ ಓಡಿಸುತ್ತಿತ್ತು. ಹಾಡಿನೊಂದಿಗೆ ಗುಂಯ್‌ ಸದ್ದೂ ಐವತ್ತು ಹರ್ಟ್ಸ್ ದಾಟಿ ಮೇಲೇರಿ ಫಿಲ್ಟರಿನಿಂದ ತಪ್ಪಿಸಿಕೊಂಡಿತ್ತು. ಸಂಖ್ಯೆ ತಿದ್ದಿದ. ಗುಂಯ್‌ ಸದ್ದು ನಿಂತಿತು.

ಗಂಗಿ ಮತ್ತೆ ಮುಷ್ಟಿ ಕುಟ್ಟಿದಳು; ಪೆಟ್ಟು ಹಾಡಿಗೆ ಕೂಡಿತು. "ಆತು. ಈಗ ಅಕ್ಕಿ. ಆಗಿಂದು ಬರೀ ನುಚ್ಚು."