ಅಸಲಿ ಪುಟ

ಎಂಟರ್ ಕೀಲಿಯ ಮೇಲಿದ್ದ ಮಯೂರಿಯ ಬೆರಳು ಒತ್ತಲೂ ಒಲ್ಲದು, ಮೇಲೇಳಲೂ ಒಲ್ಲದು. ಮೇಜಿನ ಕೆಳಗೆ ಕಾಲು ಮಾತ್ರ ಒಂದೇ ಸಮನೆ ಅಲುಗುತ್ತಿತ್ತು. ಅಥಣಿಯ ಈ ಮನೆಯಲ್ಲಿ ಅಪ್ಪ ಧೂಳಪ್ಪ ಹೊಲಿಯುವ ಚಪ್ಪಲಿಗಳಿಗೆಂದು ಅವಳೇ ಕಟ್ಟಿದ ವೆಬ್‌ಸೈಟು ಎದುರಿನ ಪರದೆಯ ಮೇಲಿತ್ತು. ಅವೇ ಫೋಟೊ, ಅವೇ ಮಾತುಗಳ ಎರಡು ಪುಟ ಮಾಡಿ ತಪ್ಪು ಮಾಡಿದ್ದಳು: ಒಂದು ‘ಕೊಲ್ಹಾಪುರಿ ಚಪ್ಪಲಿ’, ಇನ್ನೊಂದು ‘ಅಥಣಿ ಚಪ್ಪಲಿ’. ಬೇರೆ ಸೈಟುಗಳು ಕೊಟ್ಟ ಲಿಂಕುಗಳಲ್ಲಿ ಒಂಬತ್ತು ಕೊಲ್ಹಾಪುರಿಗೆ, ಎರಡು ಅಥಣಿಗೆ ಹಂಚಿಹೋಗಿ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಯಾವುದೂ ಮೇಲೆ ಬರುತ್ತಿರಲಿಲ್ಲ.

“ಇನ್ನೂ ಮುಗೀಲಿಲ್ಲೇನವಾ?” ಧೂಳಪ್ಪ ಚಪ್ಪಲಿಯ ಅಟ್ಟೆಯ ಮೇಲೆ ಹಿತ್ತಾಳೆಯ ಛಾಪು ಇಟ್ಟು ಸುತ್ತಿಗೆ ಎತ್ತಿದ್ದ. ಛಾಪಿನಲ್ಲಿದ್ದ ಹೆಸರೂ ಕೊಲ್ಹಾಪುರಿಯೇ; ಅಥಣಿಯಲ್ಲಿ ಹೊಲಿದ ಚಪ್ಪಲಿ ಪೇಟೆಯಲ್ಲಿ ಮಾರಾಟವಾಗುವುದು ಆ ಹೆಸರಿನಲ್ಲೇ.

“ಒಂದ ಸಾಲಪ್ಪಾ. ಕೆನಾನಿಕಲ್ ಟ್ಯಾಗ್ ಅಂತಾರ. ಎರಡರಾಗ ಅಸಲಿ ಪುಟ ಯಾವ್ದಂತ ಹುಡುಕೋ ಯಂತ್ರಕ್ಕ ಅದರಾಗ ಹೇಳಬೇಕು. ಹೇಳಿದ ಪುಟಕ್ಕ ಎಲ್ಲಾ ಲಿಂಕಿನ ಬಲ ಸೇರ್ತೈತಿ. ಕೊಲ್ಹಾಪುರಿ ಅಂತ ಬರದೇನಿ, ಮಂದಿ ಹುಡುಕೋದು ಅದ ಹೆಸರಲೇ.”

ಎತ್ತಿದ ಸುತ್ತಿಗೆ ಅಲ್ಲೇ ನಿಂತಿತು. “ಅಸಲಿ ಯಾವ್ದಂತ ಆ ಯಂತ್ರಕ್ಕ ಗೊತ್ತಿಲ್ಲೇನ?”

“ಇಲ್ಲಪ್ಪಾ. ನಾವ ಹೇಳಬೇಕು.”

“ನಲವತ್ತ ವರ್ಷ ಆತು ಚಪ್ಪಲ್ ಮಾಡಾಕತ್ತು. ಈ ಮಾತ ನನ್ನ ಯಾರೂ ಕೇಳಿರಲಿಲ್ಲ.”

ಅವನು ಸುತ್ತಿಗೆ ಇಳಿಸಿ, ಛಾಪನ್ನು ಅಟ್ಟೆಯಿಂದ ತೆಗೆದು ಪಕ್ಕಕ್ಕಿಟ್ಟ. ಮಯೂರಿ ಬರೆದಿದ್ದನ್ನು ಅಳಿಸಿ ಇನ್ನೊಂದು ಪುಟದ ವಿಳಾಸ ಹಾಕಿದಳು. ಕಾಲಿನ ಅಲುಗಾಟ ಯಾವಾಗ ನಿಂತಿತೋ ಅವಳಿಗೇ ತಿಳಿಯಲಿಲ್ಲ. ಎಂಟರ್ ಒತ್ತಿದಳು. ಕೊಲ್ಹಾಪುರಿಗೆ ಬಂದಿದ್ದ ಒಂಬತ್ತು ಲಿಂಕುಗಳೂ ಅಥಣಿಗೆ ಹೊರಟವು.