ಒಂದೇ ಕಾರ್ಡಿನ ಎರಡು ಸಹಿ

ಇದನ್ನು ಸಿಟ್ಟು ಬಂದು ಬರೆಯುತ್ತಿದ್ದೇನೆ... ಆ ಸಿಟ್ಟಿನ ಮೊದಲ ಪಾಲು ನನ್ನ ಮೇಲೆಯೇ.

ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಸರ್ವೀಸು.

ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪ ಅಮ್ಮನ ಸಹಿಯನ್ನು ಮಕ್ಕಳೇ ಗೀಚಿ ತಂದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನಗೆ ಸಿಐಡಿ ಮೇಷ್ಟ್ರು ಅಂತಲೇ ಹೆಸರು. ಅದರ ಜಂಬವೂ ಇತ್ತು.

ಒಂಬತ್ತನೇ ಕ್ಲಾಸಿನ ಇಂಚರ ಆ ಸಲದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತಮೂರು ತೆಗೆದಿದ್ದಳು. ಅಪ್ಪ ಲಾರಿ ಡ್ರೈವರ್, ಮನೆಯಲ್ಲಿ ಇರುವುದೇ ಅಪರೂಪ. ಹಾಗಾಗಿ ಕಾರ್ಡಿಗೆ ಅಮ್ಮನ ಸಹಿ ಹಾಕಿಸಿಕೊಂಡು ಬಂದಳು.

ಸಹಿ ನೋಡಿ ನನಗೆ ನಗು ಬಂತು. ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ...

“ಏನಮ್ಮ ಇದು, ಕಾಗೆ ಕಾಲು ಗುಬ್ಬಿ ಕಾಲು? ನಿಮ್ಮಮ್ಮ ಬಸ್ಸಲ್ಲಿ ನಿಂತ್ಕೊಂಡು ಸೈನ್ ಮಾಡಿದ್ರಾ?” ಅಂದೆ.

ಕ್ಲಾಸಿನ ನಲವತ್ತು ಮಕ್ಕಳೂ ನಕ್ಕರು. ಅವಳು ತಲೆ ತಗ್ಗಿಸಿದಳು.

“ಅದರ ಕೆಳಗೇ ಸರಿಯಾಗಿ ಇನ್ನೊಂದು ಸೈನ್ ಹಾಕಿಸ್ಕೊಂಡು ಬಾ” ಅಂತ ಕಾರ್ಡು ವಾಪಸ್ ಕೊಟ್ಟೆ.

ನಾಲ್ಕು ದಿನ ಬಿಟ್ಟು ತಂದಳು. ಈಗಿನ ಸಹಿ ಮುತ್ತು ಪೋಣಿಸಿದ ಹಾಗಿತ್ತು. ಮೇಲಿನದಕ್ಕೂ ಕೆಳಗಿನದಕ್ಕೂ ತಾಳಮೇಳವೇ ಇಲ್ಲ.

ಸಿಐಡಿ ಮೇಷ್ಟ್ರಿಗೆ ಇನ್ನೇನು ಬೇಕು?

“ಅಮ್ಮನ್ನ ಕರ್ಕೊಂಡು ಬರೋ ತನಕ ಕ್ಲಾಸ್ ಒಳಗೆ ಕಾಲಿಡಬೇಡ. ಬರಲಿಲ್ಲ ಅಂದ್ರೆ ಟಿಸಿ ಕೊಡಿಸ್ತೀನಿ” ಅಂದೆ.

ಎರಡು ದಿನ ಆ ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು. ಬೋರ್ಡಿನ ಲೆಕ್ಕವನ್ನು ಕಿಟಕಿಯಿಂದ ನೋಡಿ ಬರೆದುಕೊಳ್ಳುತ್ತಿದ್ದಳು.

ಕಳ್ಳ ಸಹಿ ಹಾಕುವುದು ಫೇಲಾದವರು. ಇಪ್ಪತ್ತಮೂರು ತೆಗೆದ ಹುಡುಗಿ ಯಾಕೆ ಹಾಕುತ್ತಾಳೆ? ಗಣಿತ ಮೇಷ್ಟ್ರ ತಲೆಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲೇ ಇಲ್ಲ.

ಮೂರನೇ ದಿನ ಅಮ್ಮ ಬಂದರು. ಹೆಸರು ಸುಲೋಚನ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

ಹೆಡ್ ಮಾಸ್ಟರ್ ರೂಮಿನಲ್ಲಿ, ಆ ತಾಯಿಯ ಮುಂದೆ ಕಾರ್ಡಿಟ್ಟು ಕೇಳಿದೆ. “ಇದರಲ್ಲಿ ನಿಮ್ಮ ಸೈನ್ ಯಾವುದಮ್ಮ?”

ಅವರು ಮೇಲಿನದನ್ನು ತೋರಿಸಿದರು. ಕೆಳಗಿನದನ್ನು ನೋಡಿ ಮಗಳ ಕಡೆ ತಿರುಗಿದರು.

“ಅದು ನಾನೇ ಹಾಕಿದ್ದು” ಅಂದಳು ಇಂಚರ.

“ನೋಡಿದ್ರಾ?” ಅಂದೆ. ಗೆದ್ದೆ ಅಂದುಕೊಂಡೆ...

ಅಷ್ಟರಲ್ಲಿ ಆ ಹುಡುಗಿಗೆ ಅಳು ಒತ್ತರಿಸಿಕೊಂಡು ಬಂತು. “ನೀವು ಕ್ಲಾಸಲ್ಲಿ ನಗಾಡಿದ್ದನ್ನ ಮನೇಲಿ ಹೇಳ್ಬಿಟ್ಟೆ ಸಾರ್... ಅಮ್ಮ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಾರೆ. ಅದು ತಗೊಂಡ್ರೆ ಕೈ ನಡುಗುತ್ತೆ. ನೆಟ್ಟಗೆ ಸೈನ್ ಹಾಕಬೇಕು ಅಂತ ಅಮ್ಮ ಮೂರು ದಿನ ಮಾತ್ರೆನೇ ತಗೊಳ್ಳಲಿಲ್ಲ.”

ಕಣ್ಣೊರೆಸಿಕೊಂಡು ಮುಂದುವರಿಸಿದಳು.

“ನಾನು ಐದನೇ ಕ್ಲಾಸಲ್ಲಿದ್ದಾಗ ಒಂದ್ಸಲ ಹಿಂಗೇ ಮಾತ್ರೆ ಬಿಟ್ಟಿದ್ರು. ಮನೆಯಿಂದ ಹೊರಟೇ ಹೋದ್ರು. ಆರು ದಿನಕ್ಕೆ ಅರಸೀಕೆರೆ ಸ್ಟೇಷನ್ನಲ್ಲಿ ಸಿಕ್ಕಿದ್ರು. ಅಮ್ಮಾ ಅಂತ ಓಡೋದೆ... ಯಾರಮ್ಮ ನೀನು ಅಂದ್ರು.”

“ಅದಕ್ಕೇ ನಾನೇ ಸೈನ್ ಹಾಕ್ಕೊಂಡೆ. ಸಾರ್ ಹಳೇ ಸೈನೇ ಸಾಕು ಅಂದ್ರು, ನೀನು ಮಾತ್ರೆ ತಗೋ ಅಂತ ಅಮ್ಮಂಗೆ ಸುಳ್ಳು ಹೇಳ್ದೆ.”

ನನಗೆ ಶುಗರ್ ಇದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಎಲ್ಲರೆದುರೇ ಮಾತ್ರೆ ನುಂಗುತ್ತೇನೆ. ಪಕ್ಕದವರೇ ನೀರು ಕೊಡುತ್ತಾರೆ. ಈ ತಾಯಿ ಮಾತ್ರ ತನ್ನ ಮಾತ್ರೆಯನ್ನು ನಾಲ್ಕು ವರ್ಷದಿಂದ ಸಾಸಿವೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದರಂತೆ. ಇದು ಯಾವ ಸೀಮೆ ನ್ಯಾಯ?

ಹೆಡ್ ಮಾಸ್ಟರ್ ಮೆತ್ತಗೆ ಇಂಕ್ ಪ್ಯಾಡ್ ಮುಂದೆ ತಳ್ಳಿದರು. “ಪರವಾಗಿಲ್ಲಮ್ಮ, ಹೆಬ್ಬೆಟ್ಟು ಒತ್ಬಿಡಿ.”

ಆಗ ಸುಲೋಚನ ಅವರಿಗೆ ರೇಗಿತು.

“ಯಾಕೆ ಸಾರ್? ನಾನು ಬಿಕಾಂ ಓದಿದೀನಿ. ಪೆನ್ನು ಕೊಡಿ.”

ಸೆರಗಿನಿಂದ ಕೈ ಹೊರಗೆ ತೆಗೆದರು. ಬಲಗೈ ನಡುಗುತ್ತಿತ್ತು. ಮೊದಲು ಮಗಳ ಸಹಿಯ ಮೇಲೆ ಗೀಟು ಎಳೆದರು, ಅದೂ ಸೊಟ್ಟಗೇ ಬಂತು. ಆಮೇಲೆ ಅದರ ಕೆಳಗೆ ತಮ್ಮ ಹೆಸರು ಬರೆದರು. ಒಂದೊಂದೇ ಅಕ್ಷರ...

“ಇನ್ನೊಂದ್ಸಲ ನನ್ನ ಸೈನ್ ಹಾಕಿದ್ರೆ ನೋಡು” ಅಂತ ಮಗಳನ್ನು ಗದರಿದರು. ಗದರುತ್ತಲೇ ಕಣ್ಣೊರೆಸಿದರು.

ಆಮೇಲೆ ಕಾರ್ಡು ನನ್ನ ಕೈಗಿಟ್ಟರು.

“ಸಾರ್, ನೀವು ನಕ್ಕಿದ್ದು ಕ್ಲಾಸಲ್ಲಿ. ಈ ರೂಮಲ್ಲಿ ಸಾರಿ ಕೇಳಿದ್ರೆ ಆಗಲ್ಲ. ಅಲ್ಲೇ ಹೇಳಿ. ನನಗೆ ಬಿಪಿ, ಸುಸ್ತು ಅಂತೆಲ್ಲ ಸುಳ್ಳು ಹೇಳಬೇಡಿ. ಏನಿದೆಯೋ ಅದನ್ನೇ ಹೇಳಿ.”

ಇಂಚರ ಹೂಂ ಅಂತ ತಲೆಯಾಡಿಸಿದಳು.

ಹೋದೆ. ನಲವತ್ತು ಮಕ್ಕಳ ಮುಂದೆ ಆ ಕಾರ್ಡು ಎತ್ತಿ ಹಿಡಿದೆ.

“ಇಂಚರನ ಅಮ್ಮ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಿದಾರೆ. ಅದಕ್ಕೆ ಕೈ ನಡುಗುತ್ತೆ. ಮಗಳ ಗುರುತು ತಪ್ಪಬಾರದು ಅಂತ ಆ ನಡುಕ ತಡ್ಕೊಂಡಿದಾರೆ. ನೀವು ನಕ್ಕಿದ್ದು ತಪ್ಪು. ನಿಮ್ಮನ್ನ ನಗಿಸಿದ್ದು ಅದಕ್ಕಿಂತ ದೊಡ್ಡ ತಪ್ಪು... ಅದು ನಂದು.”

ಈ ಸಲ ಯಾರೂ ನಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸುಲೋಚನ ಮಗಳ ಬ್ಯಾಗನ್ನು ತಾವೇ ತಂದು ಬೆಂಚಿನ ಮೇಲಿಟ್ಟರು. ಹೊರಡುವಾಗ ಮಗಳಿಗೆ ಅಂದ ಮಾತು ನನಗೂ ಕೇಳಿಸಿತು.

“ಇವತ್ತಿಂದ ಮಾತ್ರೆ ಡಬ್ಬ ಮುಂದಿನ ರೂಮಲ್ಲಿ, ಟಿವಿ ಪಕ್ಕದಲ್ಲೇ ಇರುತ್ತೆ. ಯಾರು ಬಂದ್ರೂ ಬಚ್ಚಿಡಲ್ಲ.”

ಸಿಐಡಿ ಅನ್ನೋ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

•

ಕಾಯಿಲೆಯನ್ನು ಹಿಡಿತದಲ್ಲಿಡುವುದು ಮಾತ್ರೆ. ಆ ಮಾತ್ರೆಯನ್ನೇ ಬಿಡಿಸುವುದು ನಮ್ಮ ನಗು.

ನಿಮ್ಮ ಹತ್ತಿರದವರು ಯಾರಾದರೂ ಬಚ್ಚಿಟ್ಟುಕೊಂಡು ಮಾತ್ರೆ ನುಂಗುತ್ತಿದ್ದರೆ... ಅದು ಯಾರ ನಗುವಿಗೆ ಹೆದರಿ? ನಿಮ್ಮದಕ್ಕೇ ಇರಬಹುದಾ?